ಕಪ್ಪು ಡಬ್ಬಿಯ ಬೀಗದ ಕೈ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ಭೂಪಟಗಳನ್ನು ಸುತ್ತಿಡುವ ಬೀರುವಿನ ಪಕ್ಕದ ಮೂಲೆಯಲ್ಲಿ ಒಂದು ಕಪ್ಪು ಡಬ್ಬಿ ಇದೆ. ಒಗ್ಗರಣೆ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಕ್ಕಿ ಡಬ್ಬಕ್ಕಿಂತ ಬಹಳ ಚಿಕ್ಕದು. ಪರದೆ ಇಲ್ಲ, ಕೀಲಿಮಣೆ ಇಲ್ಲ. ಮುಂದುಗಡೆ ಹಸಿರು ದೀಪಗಳು ಮಿಣುಕುತ್ತಿರುತ್ತವೆ. ಹಿಂದಿನಿಂದ ಒಂದು ನೀಲಿ ತಂತಿ ಹೊರಟು ಗೋಡೆಯ ಮೇಲಿನ ರೂಟರನ್ನು ಸೇರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಆಯಾ ಮೊದಲ ಶುಕ್ರವಾರ ಸರಸ್ವತಿಯ ಪಟಕ್ಕೆ ಹೂ ಇಡುವಾಗ ಇದರ ತಲೆಯ ಮೇಲೂ ಒಂದು ಸೇವಂತಿಗೆ ಇಟ್ಟಳು. ನಾನು ತೆಗೆಯಲಿಲ್ಲ. ಶಾಲೆಯ ಅರ್ಧ ಪ್ರಾಣ ಅದರೊಳಗೇ ಇದೆ ಎಂದ ಮೇಲೆ ಒಂದು ಹೂವಿಗೇನು ಬಡತನ?

2022ರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದುಕೊಟ್ಟ ಪೆಟ್ಟಿಗೆ ಅದು. 'ನ್ಯಾಸ್' ಎನ್ನುತ್ತಾರೆ. ಅಂದರೆ, ಶಾಲೆಯ ಎಲ್ಲ ಕಂಪ್ಯೂಟರುಗಳೂ ಕೈ ಹಾಕಿ ಇಡಬಹುದಾದ, ತೆಗೆಯಬಹುದಾದ ಒಂದು ಸಾಮಾನ್ಯ ಉಗ್ರಾಣ. ಒಳಗೆ ನಾಲ್ಕು ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಕನ್ನಡಿಯಂತೆ ಮೂಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ.

ಅದಕ್ಕೆ ಮುಂಚೆ ನಮ್ಮ ಪಾಡು ನೋಡಬೇಕಿತ್ತು. ಒಬ್ಬೊಬ್ಬರ ಪರ್ಸಿನಲ್ಲೂ ಒಂದೊಂದು ಪೆನ್‌ಡ್ರೈವು. ಕಳೆದ ವರ್ಷದ ಪ್ರಶ್ನೆಪತ್ರಿಕೆ ಒಬ್ಬರ ಹತ್ತಿರ, ಅದರ ಉತ್ತರ ಇನ್ನೊಬ್ಬರ ಹತ್ತಿರ. ಒಬ್ಬರ ಪೆನ್‌ಡ್ರೈವಿನ ವೈರಸ್ಸು ಶೀತದ ಹಾಗೆ ಮಧ್ಯಾಹ್ನದೊಳಗೆ ಎಲ್ಲರಿಗೂ ಹತ್ತುತ್ತಿತ್ತು. ಡಬ್ಬಿ ಬಂದ ಮೇಲೆ ಆ ಗೋಳು ತಪ್ಪಿತು. ನುಡಿಯಲ್ಲಿ ಟೈಪು ಮಾಡಿದ ನನ್ನ ಸಮಾಜ ಪಾಠದ ಟಿಪ್ಪಣಿ ಲ್ಯಾಬಿನಲ್ಲೂ ಸಿಗುತ್ತಿತ್ತು, ಆಫೀಸಿನಲ್ಲೂ ಸಿಗುತ್ತಿತ್ತು.

ಕೂರಿಸಿಕೊಡಲು ಬಂದ ಅಂಗಡಿಯ ಹುಡುಗ ಒಂದು ಗಂಟೆಯಲ್ಲಿ ಕೆಲಸ ಮುಗಿಸಿ, "ಮೇಡಂ, ತಲೆನೋವೇ ಬೇಡ ಅಂತ ಎಲ್ಲಾರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಇಟ್ಟಿದೀನಿ. ಎಲ್ಲಾರೂ ಎಲ್ಲಾನೂ ನೋಡ್ಬಹುದು" ಎಂದ. ಹೆಸರು 'ಸ್ಕೂಲ್'. ಪಾಸ್‌ವರ್ಡು ಅದೇ ಹೆಸರಿನ ಮುಂದೆ ಒಂದು ಎರಡು ಮೂರು. ಅವನ ಪಕ್ಕ ಕುತೂಹಲಕ್ಕೆ ನಿಂತಿದ್ದವಳು ನಾನೊಬ್ಬಳೇ. ಹಾಗಾಗಿ ಡಬ್ಬಿಯ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ನಮ್ಮ ಶಾಲೆಯ ನಿಯಮವೇ ಅದು, ಮುಟ್ಟಿದವರು ಮಾಡಬೇಕು. ನನಗೂ ಆ ವ್ಯವಸ್ಥೆ ಹಿಡಿಸಿತ್ತು. ಮುಖ್ಯೋಪಾಧ್ಯಾಯಿನಿಯವರ ಮುಂದೆ ಹೆಮ್ಮೆಯಿಂದ, "ನಮ್ಮನಮ್ಮಲ್ಲಿ ಮುಚ್ಚುಮರೆ ಏನಿದೆ ಮೇಡಂ?" ಎಂದೂ ಹೇಳಿದೆ. ಆ ಮಾತನ್ನು ನಾನು ಎಲ್ಲಿ ಕಲಿತಿದ್ದೆ ಎನ್ನುವುದು ಆಗ ನೆನಪಾಗಲಿಲ್ಲ.

2023ರ ಜುಲೈ ತಿಂಗಳು. ಹಳೆಯ ವಿದ್ಯಾರ್ಥಿಗಳು ಬಡ ಮಕ್ಕಳ ಪುಸ್ತಕ, ಸಮವಸ್ತ್ರಕ್ಕೆಂದು ಒಂದಿಷ್ಟು ಹಣ ಕೊಟ್ಟಿದ್ದರು. ಬೇಕಾದ ಮಕ್ಕಳು ತಮ್ಮ ಮನೆಯ ಪರಿಸ್ಥಿತಿಯನ್ನು ಒಂದು ಪತ್ರದಲ್ಲಿ ಬರೆದುಕೊಡಬೇಕು ಎಂದು ನಾನೇ ಹೇಳಿದೆ. ಹನ್ನೊಂದು ಪತ್ರ ಬಂದವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಪತ್ರವನ್ನು ನಾಲ್ಕಾಗಿ ಮಡಚಿ ಕೈಯಲ್ಲಿ ಬಿಗಿಹಿಡಿದುಕೊಂಡು ಬಾಗಿಲಲ್ಲೇ ನಿಂತಳು. "ಮಿಸ್, ಇದನ್ನ ಯಾರ್ಯಾರು ಓದ್ತಾರೆ?" ಎಂದು ಕೇಳಿದಳು. "ನಾನೊಬ್ಬಳೇ ಕಣೇ" ಎಂದೆ.

ತಂದೆಗೆ ಲಾರಿ ಅಪಘಾತವಾಗಿ ಎರಡು ವರ್ಷದಿಂದ ಮನೆಯಲ್ಲೇ ಇದ್ದಾರೆ. ತಾಯಿ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾರೆ. ಸ್ನೇಹಿತೆಯರಿಗೆ ಮಾತ್ರ, ಅಮ್ಮ ಟೈಲರ್ ಅಂಗಡಿಯಲ್ಲಿದ್ದಾರೆ ಎಂದು ಹೇಳಿದ್ದಾಳೆ; ಸುಳ್ಳು ಹೇಳಿದ್ದಕ್ಕೆ ಕ್ಷಮಿಸಬೇಕು. ಇಷ್ಟೇ ಪತ್ರ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಪತ್ರಗಳು ಕಳೆದುಹೋಗಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಹನ್ನೊಂದನ್ನೂ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಮಗುವಿನ ಹೆಸರು ಕೊಟ್ಟು, 'ಸಹಾಯ ಅರ್ಜಿ' ಎಂಬ ಫೋಲ್ಡರು ಮಾಡಿ ಡಬ್ಬಿಯೊಳಗೆ ಹಾಕಿದೆ. ಸಂಜೆ ನೆಮ್ಮದಿಯಿಂದ ಮನೆಗೆ ಹೋದೆ.

ಮುಂದಿನ ವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಆಮೇಲೆ ಗೊತ್ತಾಯಿತು, ಅವಳಿಗೆ ತರಗತಿಯಲ್ಲಿ ಒಂದು ಅಡ್ಡಹೆಸರು ಬಿದ್ದಿತ್ತು: 'ಮೂರು ಮನೆ'.

ನನ್ನ ಕಾಲು ತಣ್ಣಗಾಯಿತು. ಓಡಿಹೋಗಿ ಕಂಪ್ಯೂಟರಿನ ಮುಂದೆ ಕುಳಿತೆ. ಯಾವ ಫೈಲನ್ನು ಯಾರು, ಎಷ್ಟು ಹೊತ್ತಿಗೆ ತೆರೆದರು ಎಂದು ಡಬ್ಬಿ ಬರೆದಿಟ್ಟುಕೊಳ್ಳುವ ಒಂದು ಪುಸ್ತಕವಿದೆ, ಅಂಗಡಿಯ ಹುಡುಗ ಪುಣ್ಯಕ್ಕೆ ಅದೊಂದನ್ನು ಚಾಲೂ ಮಾಡಿ ಹೋಗಿದ್ದ. ಹುಡುಕಿ ತೆಗೆದೆ. ಮೂರು ದಿನದಲ್ಲಿ ಆ ಪತ್ರವನ್ನು ಐದು ಬಾರಿ ತೆರೆದಿದ್ದಾರೆ. ಎರಡು ಸಲ ಸ್ಟಾಫ್ ರೂಮಿನ ಕಂಪ್ಯೂಟರಿನಿಂದ, ಮೂರು ಸಲ ಮಕ್ಕಳ ಲ್ಯಾಬಿನಿಂದ. ಹೆಸರಿನ ಜಾಗದಲ್ಲಿ ಐದು ಸಾಲಿನಲ್ಲೂ ಒಂದೇ ಪದ: 'ಸ್ಕೂಲ್'. ಯಾರು ಓದಿದರು ಎಂದು ಕೇಳಿದರೆ ಡಬ್ಬಿ ಹೇಳಿದ್ದಿಷ್ಟು: ಶಾಲೆ ಓದಿದೆ.

ಶನಿವಾರ ಮಧ್ಯಾಹ್ನ ಅವಳ ಮನೆ ಹುಡುಕಿಕೊಂಡು ಹೋದೆ. ತಾಯಿ ಇರಲಿಲ್ಲ, ಎಲ್ಲಿ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಹುಡುಗಿ ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಏನೇನೋ ಸಮಜಾಯಿಷಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಕೋಪವೇ ಇಲ್ಲದ ದನಿಯಲ್ಲಿ, "ನಾನು ನಿಮಗೆ ಮಾತ್ರ ಬರೆದಿದ್ದೆ, ಮಿಸ್" ಎಂದಳು.

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ನೆನಪಾಯಿತು.

ನಾನು ಮದುವೆಯಾಗಿ ಗಂಡನ ಮನೆಗೆ ಬಂದದ್ದು 1993ರಲ್ಲಿ. ತುಂಬಿದ ಮನೆ. ಮಾವನವರು ಕೆಟ್ಟವರಲ್ಲ, ಗದರಿದವರೇ ಅಲ್ಲ. ಆದರೆ ಮನೆಗೆ ಬಂದ ಕಾಗದವನ್ನೆಲ್ಲ ಅವರೇ ಒಡೆದು, ನಡುಮನೆಯಲ್ಲಿ ಕುಳಿತು, ಎಲ್ಲರಿಗೂ ಕೇಳುವಂತೆ ಓದುವುದು ಪದ್ಧತಿ. ಅಮ್ಮ ನನಗೆ ಬರೆದ ಮೊದಲ ಪತ್ರವೂ ಹಾಗೇ ಓದಲ್ಪಟ್ಟಿತು. ನನ್ನ ಮದುವೆಗೆ ಮಾಡಿದ ಸಾಲಕ್ಕೆ ಎರಡೆಳೆ ಸರ ಅಡವಿಟ್ಟದ್ದು, ತಂಗಿಗೆ ಬಂದಿದ್ದ ಸಂಬಂಧ ತಪ್ಪಿಹೋದದ್ದು, ಎಲ್ಲವೂ ವಾರಗಿತ್ತಿಯರ ಮುಂದೆ, ಹಾಲು ಹಾಕುವವಳ ಮುಂದೆ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಮುಖ ಕಂಡು ಅತ್ತೆಯವರು, "ಮನೆಯವರಲ್ಲಿ ಮುಚ್ಚುಮರೆ ಏನಿದೆಯಮ್ಮಾ?" ಎಂದರು. ಅಮ್ಮನಿಗೆ ಹೇಗೋ ವಿಷಯ ತಿಳಿಯಿತು. ಆಮೇಲೆ ಅವಳು ಬರೆದ ಪತ್ರಗಳಲ್ಲಿ 'ನಾವೆಲ್ಲ ಕ್ಷೇಮ' ಎನ್ನುವುದನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಎಲ್ಲರೂ ಓದುತ್ತಾರೆಂದು ಗೊತ್ತಾದ ಮೇಲೆ ಯಾರೂ ನಿಜ ಬರೆಯುವುದಿಲ್ಲ. ಮೂವತ್ತು ವರ್ಷ ಈ ಸಂಕಟವನ್ನು ಎದೆಯಲ್ಲಿಟ್ಟುಕೊಂಡಿದ್ದ ನಾನೇ ಒಂದು ಮಗುವಿನ ಪತ್ರವನ್ನು ನಡುಮನೆಯಲ್ಲಿ ಒಡೆದು ಹರವಿದ್ದೆ.

ಆ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಥ ಪೆಟ್ಟಿಗೆಗಳನ್ನೇ ನೋಡಿಕೊಳ್ಳುವ ಕೆಲಸ ಅವಳದು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಸ್ಟಾಫ್ ರೂಮಿಗೆ ಬಂದು, ಕುರ್ಚಿಗೆ ದಿಂಬು ಇರಿಸಿಕೊಂಡು ಕುಳಿತಳು. ಒಮ್ಮೆ ಎಲ್ಲ ನೋಡಿ, "ಮಿಸ್, ಇದಕ್ಕೆ ಬಾಗಿಲಿದೆ, ಚಿಲಕ ಇಲ್ಲ" ಎಂದಳು. ಎರಡು ವಾರ, ದಿನಕ್ಕೆ ಒಂದು ಗಂಟೆ, ನಾನು ಅವಳ ಶಿಷ್ಯೆಯಾದೆ.

ಮೊದಲ ಪಾಠ ಹೀಗಿತ್ತು. ಬಾಗಿಲು ತಟ್ಟಿದವರನ್ನು ಡಬ್ಬಿ ಎರಡು ಪ್ರಶ್ನೆ ಕೇಳಬೇಕು. 'ನೀನು ಯಾರು?' ಎನ್ನುವುದು ಒಂದು. 'ನಿನಗೆ ಯಾವ ಕೋಣೆಯವರೆಗೆ ಸಲಿಗೆ?' ಎನ್ನುವುದು ಇನ್ನೊಂದು. ನಾವು ಎರಡನ್ನೂ ಕಲಸಿಬಿಡುತ್ತೇವೆ. ಮನೆಗೆ ಬಂದ ನೆಂಟರು ಯಾರೆಂದು ಗೊತ್ತಾದ ಮಾತ್ರಕ್ಕೆ ಬೀರುವಿನ ಬೀಗದ ಕೈ ಕೊಡುತ್ತೇವೆಯೇ? ನಮ್ಮ ಡಬ್ಬಿಯಂತೂ ಮೊದಲ ಪ್ರಶ್ನೆಗೆ 'ಶಾಲೆ' ಎಂಬ ಉತ್ತರಕ್ಕೇ ತೃಪ್ತವಾಗಿ, ಎರಡನೆಯದನ್ನು ಕೇಳುತ್ತಲೇ ಇರಲಿಲ್ಲ.

ಆದ್ದರಿಂದ ಮೊದಲು ಹದಿನಾಲ್ಕು ಜನ ಶಿಕ್ಷಕರಿಗೆ, ಗುಮಾಸ್ತರಿಗೆ, ಮುಖ್ಯೋಪಾಧ್ಯಾಯಿನಿಯವರಿಗೆ ಬೇರೆ ಬೇರೆ ಹೆಸರು ಮಾಡಿದೆವು. ಲ್ಯಾಬಿನ ಮಕ್ಕಳಿಗೆ ಬೇರೆ ಹೆಸರು. ಡಬ್ಬಿಯ ಯಜಮಾನನಿಗೆ ಕಾರ್ಖಾನೆಯಿಂದಲೇ ಬಂದಿದ್ದ 'ಅಡ್ಮಿನ್' ಎಂಬ ಹೆಸರನ್ನು ನಿಲ್ಲಿಸಿ ಹೊಸದೊಂದನ್ನು ಇಟ್ಟೆವು. ಕಳ್ಳರು ಮೊದಲು ತಟ್ಟುವುದು ಆ ಹೆಸರಿನ ಬಾಗಿಲನ್ನೇ ಅಂತೆ. ಆಮೇಲೆ ಗುಂಪುಗಳು: ಶಿಕ್ಷಕರು, ಪರೀಕ್ಷಾ ಸಮಿತಿ, ಕಛೇರಿ, ಸಹಾಯ ನಿಧಿ. ಹಕ್ಕನ್ನು ವ್ಯಕ್ತಿಗೆ ಕೊಡಬಾರದು, ಗುಂಪಿಗೆ ಕೊಡಬೇಕು. ನಾಳೆ ಯಾರಾದರೂ ಬೇರೆ ಶಾಲೆಗೆ ಹೋದರೆ ಗುಂಪಿನಿಂದ ಹೆಸರು ತೆಗೆದರಾಯಿತು. ಮೂವತ್ತು ಫೋಲ್ಡರುಗಳನ್ನು ತಡಕುವ ಕೆಲಸವಿಲ್ಲ.

ಹಕ್ಕಿನಲ್ಲಿ ಮೂರು ಬಗೆ. ಓದಬಹುದು ಮತ್ತು ಬರೆಯಬಹುದು, ಓದಬಹುದು, ಬರೆಯುವಂತಿಲ್ಲ, ಒಳಗೇ ಬರುವಂತಿಲ್ಲ. ಅಡುಗೆಮನೆಯ ಲೆಕ್ಕದಲ್ಲಿ ಹೇಳಿದರೆ, ಸೌಟು ಹಿಡಿಯುವವರು, ಹೊಸ್ತಿಲಲ್ಲಿ ನಿಂತು ವಾಸನೆ ನೋಡುವವರು, ನಡುಮನೆಯಲ್ಲೇ ಕೂರಬೇಕಾದವರು. ಪಾಠದ ಟಿಪ್ಪಣಿಗಳನ್ನು ಮಕ್ಕಳು ಓದಬಹುದು, ಅಳಿಸುವಂತಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಸಮಿತಿಯವರಿಗೆ ಮಾತ್ರ. ಸಹಾಯದ ಅರ್ಜಿ ನನಗೆ ಮತ್ತು ಮುಖ್ಯೋಪಾಧ್ಯಾಯಿನಿಯವರಿಗೆ. ಹಕ್ಕಿಲ್ಲದವರ ಕಣ್ಣಿಗೆ ಫೋಲ್ಡರಿನ ಹೆಸರೂ ಬೀಳದಂತೆ ಮಾಡುವ ಒಂದು ಗುರುತು ಇದೆ, ಅದನ್ನೂ ಹಾಕಿದೆವು. ಬಾಗಿಲ ಮೇಲೆ 'ಬಡ ಮಕ್ಕಳು' ಎಂದು ಹಲಗೆ ತೂಗುಹಾಕಿದರೆ ಬಾಗಿಲು ಮುಚ್ಚಿದ್ದೂ ಅರ್ಧ ವ್ಯರ್ಥವೇ.

ಒಂದು ದಿನ ಅವಳು ಡಾಕ್ಟರ ಹತ್ತಿರ ಹೋಗಿದ್ದಾಗ ನಾನೇ ಜಾಣತನ ಮಾಡಲು ಹೋದೆ. ಅರ್ಜಿಗಳ ಫೋಲ್ಡರಿಗೆ ಶಿಕ್ಷಕರ ಗುಂಪು ಬರಕೂಡದೆಂದು 'ಪ್ರವೇಶವಿಲ್ಲ' ಎಂಬ ಮುದ್ರೆ ಒತ್ತಿದೆ. ಮರುಕ್ಷಣ ನಾನೂ ಹೊರಗೆ, ಮುಖ್ಯೋಪಾಧ್ಯಾಯಿನಿಯವರೂ ಹೊರಗೆ! ನಾವಿಬ್ಬರೂ ಶಿಕ್ಷಕರ ಗುಂಪಿನಲ್ಲೂ ಇದ್ದೆವಲ್ಲ. ಒಬ್ಬರು ಎರಡು ಗುಂಪಿನಲ್ಲಿದ್ದು, ಒಂದು 'ಬಾ' ಎಂದು, ಇನ್ನೊಂದು 'ಬರಬೇಡ' ಎಂದರೆ, ಗೆಲ್ಲುವುದು 'ಬರಬೇಡ'ವೇ. ಫೋನಿನಲ್ಲಿ ಕೇಳಿದ ಅವಳು ನಕ್ಕು, "ಯಾರಿಗೂ ಬೇಡ ಅನ್ನಬೇಡಿ ಮಿಸ್. ಬೇಕಾದವರಿಗೆ ಮಾತ್ರ ಬಾ ಅನ್ನಿ. ಕರೆಯದವರು ತಾವಾಗೇ ಹೊರಗಿರ್ತಾರೆ" ಎಂದಳು. ಮದುವೆಯ ಕರೆಯೋಲೆಯ ನೀತಿಯೂ ಇದೇ ಅಲ್ಲವೇ?

ಪಾಸ್‌ವರ್ಡಿನದು ಬೇರೆಯೇ ಪುರಾಣ. ಹಿಂದಿ ಮೇಷ್ಟ್ರು ಎರಡೇ ದಿನದಲ್ಲಿ ಮರೆತು, "ನೀವೇ ಯಜಮಾನ್ತಿ ಅಲ್ವೇ, ನನ್ನದು ಏನಿತ್ತು ನೋಡಿ ಹೇಳಿ" ಎಂದರು. ಹೇಳಲಾಗದು ಎಂದರೆ ನಂಬಲಿಲ್ಲ. ಸತ್ಯವಾಗಿಯೂ ನನಗೆ ಗೊತ್ತಿರುವುದಿಲ್ಲ. ಡಬ್ಬಿ ಪಾಸ್‌ವರ್ಡನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ, ರುಬ್ಬಿ ಇಟ್ಟುಕೊಳ್ಳುತ್ತದೆ. ಚಟ್ನಿಯಿಂದ ತೆಂಗಿನಕಾಯಿ ವಾಪಸು ಬರುತ್ತದೆಯೇ? ನಾವು ಮತ್ತೆ ಪಾಸ್‌ವರ್ಡು ಹೇಳಿದಾಗ ಅದನ್ನೂ ಅದೇ ರೀತಿ ರುಬ್ಬಿ, ಎರಡೂ ಒಂದೇ ಆಗಿದ್ದರೆ ಬಾಗಿಲು ತೆರೆಯುತ್ತದೆ. ಯಜಮಾನಿ ಹೊಸದನ್ನು ಕೊಡಬಲ್ಲಳು, ಹಳೆಯದನ್ನು ಹೇಳಲಾರಳು. ಈ ಪಾಠವನ್ನು ಜಗತ್ತು ಪೆಟ್ಟು ತಿಂದೇ ಕಲಿತದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಹಲವರು ಹಂಚಿಕೊಳ್ಳುವ ಒಂದು ಕಂಪ್ಯೂಟರಿಗೆ ಪಾಸ್‌ವರ್ಡು ತಂದಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಹೊತ್ತು ಸಾಲದೆ, ಎಲ್ಲರ ಪಾಸ್‌ವರ್ಡಿನ ಪಟ್ಟಿಯನ್ನೇ ಮುದ್ರಿಸಿಕೊಂಡುಬಿಟ್ಟ!

ತಿಂಗಳಿಗೊಮ್ಮೆ ಬದಲಾಯಿಸಬೇಕು, ಚಿಹ್ನೆ ಇರಬೇಕು, ಅಂಕಿ ಇರಬೇಕು ಎಂಬ ಕಟ್ಟಳೆಗಳನ್ನು ಅವಳು ಬಿಡಿಸಿದಳು. ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ ಅವನ್ನು ಕೈಬಿಟ್ಟು, ಉದ್ದವಿರಲಿ, ಸುಮ್ಮನೆ ಬದಲಾಯಿಸಬೇಡಿ ಎಂದಿತಂತೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೆ ಸಾಕು. ಹುಣಸೆ, ಕೊಡೆ, ಗಡಿಯಾರ, ಮಂಗಳವಾರ ಎನ್ನುವ ಹಾಗೆ. ಮಗನ ಹೆಸರು, ಮನೆದೇವರ ಹೆಸರು ಮಾತ್ರ ಬೇಡ. ಊರಿಗೆಲ್ಲ ಗೊತ್ತಿರುವುದು ಗುಟ್ಟಾಗುವುದು ಹೇಗೆ?

ಆಮೇಲೂ ಅವಾಂತರಗಳಿಗೆ ಕೊರತೆಯಿರಲಿಲ್ಲ. ಪಿ.ಟಿ. ಮೇಷ್ಟ್ರು ಹತ್ತು ಸಲ ತಪ್ಪು ಪಾಸ್‌ವರ್ಡು ಒತ್ತಿದರು. ಡಬ್ಬಿಗೆ ಅನುಮಾನ ಬಂದು ಆ ಕಂಪ್ಯೂಟರನ್ನೇ ಹೊರಗಿಟ್ಟಿತು. ಇಡೀ ಸ್ಟಾಫ್ ರೂಮು ಬೀದಿಗೆ ಬಿತ್ತು. ಆಫೀಸಿನ ಕಂಪ್ಯೂಟರಿನಿಂದ ನಾನು ಬಿಡಿಸಬೇಕಾಯಿತು. ಇನ್ನೊಂದು ದಿನ ಗಣಿತದ ಮೇಡಂ ತಮ್ಮ ಹೆಸರು ಹೇಳದೆಯೇ ನನ್ನ ಫೋಲ್ಡರು ತೆರೆದು ಕುಳಿತಿದ್ದರು. ನಾನು ಬೆಳಿಗ್ಗೆ ಒಳಹೊಕ್ಕದ್ದನ್ನು ವಿಂಡೋಸು ನೆನಪಿಟ್ಟುಕೊಂಡಿತ್ತು. ಅದು ಒಂದು ಡಬ್ಬಿಯ ಜೊತೆ ಒಂದು ಬಾರಿಗೆ ಒಂದೇ ಹೆಸರಿನಲ್ಲಿ ಮಾತಾಡುತ್ತದೆ. ಯಾರು ಎದ್ದುಹೋದರು, ಯಾರು ಬಂದು ಕುಳಿತರು ಎಂದು ಅದಕ್ಕೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲೇ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿ, ಎದ್ದುಹೋಗುವಾಗ ಮುಚ್ಚಿಹೋಗುವ ಅಭ್ಯಾಸ ಮಾಡಿಸಿದ ಮೇಲೆ ಅದು ಸರಿಹೋಯಿತು.

ಗುಮಾಸ್ತರ ಹಳೆಯ ಕಂಪ್ಯೂಟರಿನದು ಇನ್ನೂ ಕಷ್ಟ. ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ, 2014ರಲ್ಲೇ ಕಂಪನಿ ಕೈಬಿಟ್ಟದ್ದು. ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಎಕ್ಸ್‌ಪಿಗೆ ಬರುವುದು ಅದರ ಮೊದಲ ಆವೃತ್ತಿ ಮಾತ್ರ. ಆ ಹಳೆಯ ಭಾಷೆಯ ಕಿಂಡಿಯಿಂದಲೇ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ನುಗ್ಗಿ ಎಷ್ಟೋ ದೇಶಗಳ ಕಂಪ್ಯೂಟರುಗಳನ್ನು ಒತ್ತೆ ಇಟ್ಟುಕೊಂಡಿತ್ತು. ಹಾಗಾಗಿ ಡಬ್ಬಿಯಲ್ಲಿ ಅದನ್ನು ನಿಲ್ಲಿಸಿದೆವು. ಗುಮಾಸ್ತರು ಮುನಿಸಿಕೊಂಡರು, ಹೊಸ ಕಂಪ್ಯೂಟರು ಬರುವವರೆಗೆ ಮೂರು ತಿಂಗಳು ನನ್ನ ರಜೆಯ ಅರ್ಜಿಗಳು ನಿಧಾನವಾಗಿ ಸಾಗಿದವು. ಆ ಭಾಷೆಯನ್ನು ನಮ್ಮಂಥ ಡಬ್ಬಿಗಳಿಗೆ ಕಲಿಸಿದ ತಂತ್ರಾಂಶದ ಹೆಸರು ಕೇಳಿ ಮಾತ್ರ ಸ್ಟಾಫ್ ರೂಮೆಲ್ಲ ನಕ್ಕಿತು. ಸಾಂಬಾ! ನಮ್ಮ ಸಾಂಬಾರಿಗೂ ಅದಕ್ಕೂ ನಂಟಿಲ್ಲ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಎಂಬಾತ ಆರಂಭಿಸಿದ ಕೆಲಸ ಅದು. ಎಸ್, ಎಂ, ಬಿ ಅಕ್ಷರಗಳು ಇದೇ ಸಾಲಾಗಿ ಬರುವ ಪದಗಳನ್ನು ಪದಪಟ್ಟಿಯಲ್ಲಿ ಹುಡುಕಿ ಆ ಹೆಸರು ಆರಿಸಿದನಂತೆ.

ನಿಜವಾದ ಕಷ್ಟ ಬಂದದ್ದು ಯಂತ್ರದಿಂದಲ್ಲ. "ನಮ್ಮ ಮೇಲೆ ನಂಬಿಕೆ ಇಲ್ವಾ? ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿದೀವಿ" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ನನಗೂ ನೋವಾಯಿತು. ಆದರೆ ಉತ್ತರ ನನ್ನ ಬಳಿ ಇತ್ತು. ಆ ಐದು ಸಾಲಿನ ಪಟ್ಟಿ ತೋರಿಸಿದೆ. "ಇದರಲ್ಲಿ ಎಲ್ಲ ಕಡೆ 'ಸ್ಕೂಲ್' ಅಂತ ಇದೆ. ಅಂದ್ರೆ ನೀವೂ ಇರಬಹುದು, ನಾನೂ ಇರಬಹುದು. ಒಂದೇ ಹೆಸರಿದ್ರೆ ಎಲ್ಲರ ಮೇಲೂ ಅನುಮಾನ. ಬೇರೆ ಬೇರೆ ಹೆಸರಿದ್ರೆ ತಪ್ಪು ಮಾಡದವರು ನಿಶ್ಚಿಂತೆಯಾಗಿರಬಹುದು." ಅವರು ಮಾತಾಡಲಿಲ್ಲ. ಮರುದಿನ ತಾವೇ ಬಂದು, "ನನಗೂ ಒಂದು ಹೆಸರು ಮಾಡಿಕೊಡಿ" ಎಂದರು.

ಹೋಗುವ ಮುಂಚೆ ನನ್ನ ಶಿಷ್ಯೆ, ಅಲ್ಲ ಗುರು, ಎರಡು ಮಾತು ಹೇಳಿದಳು. ಕನ್ನಡಿಯ ಡಿಸ್ಕನ್ನು ನಂಬಿ ಕೂರಬಾರದು. ಒಂದರಲ್ಲಿ ಅಳಿಸಿದರೆ ಕನ್ನಡಿಯಲ್ಲೂ ಅಳಿಸುತ್ತದೆ. ಬೇರೊಂದು ಡಿಸ್ಕಿನಲ್ಲಿ ವಾರಕ್ಕೊಮ್ಮೆ ಪ್ರತಿ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಎರಡನೆಯದು: ಡಬ್ಬಿಯ ಯಜಮಾನಿ ಮನಸ್ಸು ಮಾಡಿದರೆ ಯಾವ ಕೋಣೆಗೂ ತಾನೇ ಹಕ್ಕು ಬರೆದುಕೊಳ್ಳಬಹುದು. "ಈಗ ನೀವೇ ಮಾವನವರು, ಮಿಸ್" ಎಂದು ನಕ್ಕಳು. ಇನ್‌ಲ್ಯಾಂಡ್ ಪತ್ರದ ಕತೆ ಅವಳಿಗೆ ಹೇಳಿದ್ದೆ.

ಆ ನಗು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಮುಖ್ಯೋಪಾಧ್ಯಾಯಿನಿಯವರೊಂದಿಗೆ ಕುಳಿತು ತೀರ್ಮಾನ ಮಾಡಿದೆವು. ಮಕ್ಕಳ ಪತ್ರಗಳು ಡಬ್ಬಿಯಲ್ಲಿ ಇರುವುದೇ ಬೇಡ. ಹೆಸರು, ಕೊಟ್ಟ ಮೊತ್ತ, ದಿನಾಂಕ. ಲೆಕ್ಕಕ್ಕೆ ಇಷ್ಟು ಸಾಕು. ಹಾಗೆಂದು ಹನ್ನೊಂದು ಫೈಲುಗಳನ್ನು ಅಳಿಸಿದೆ. ಅಳಿಸಿದ್ದು ಡಬ್ಬಿಯ ಕಸದ ಬುಟ್ಟಿಯಲ್ಲಿ ಉಳಿದಿತ್ತು, ಅಲ್ಲಿಂದಲೂ ತೆಗೆದೆ. ಬೀರುವಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇತ್ತು, ಅದನ್ನೂ ತೆಗೆದೆ. ಒಂದು ಗುಟ್ಟನ್ನು ಹರವಲು ಒಂದು ಕ್ಷಣ ಸಾಕಾಗಿತ್ತು, ಮಡಚಲು ಒಂದು ಮಧ್ಯಾಹ್ನ ಹಿಡಿಯಿತು. ಮಕ್ಕಳ ಬಾಯಿಂದ ಆ ಅಡ್ಡಹೆಸರನ್ನು ತೆಗೆಯಲು ಮಾತ್ರ ಯಾವ ಗುಂಡಿಯೂ ಇರಲಿಲ್ಲ.

ಹುಡುಗಿ ಒಂಬತ್ತು ದಿನಗಳ ನಂತರ ಶಾಲೆಗೆ ಬಂದಿದ್ದಳು. ಪಾಠ ಕೇಳುತ್ತಿದ್ದಳು, ಪ್ರಶ್ನೆಗೆ ಉತ್ತರಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ನನ್ನೊಡನೆ ಮಾತಿಲ್ಲ. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

2025ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಟಿ.ಸಿ. ತೆಗೆದುಕೊಳ್ಳಲು ಬಂದಳು. ಪ್ರಥಮ ದರ್ಜೆ. ನಾನು ಬೀರುವಿನಿಂದ ಒಂದು ಲಕೋಟೆ ತೆಗೆದು ಅವಳ ಕೈಗೆ ಕೊಟ್ಟೆ. ಒಳಗೆ ಅವಳ ಪತ್ರ, ನಾಲ್ಕಾಗಿ ಮಡಚಿದ್ದು ಹಾಗೇ. ಬಿಚ್ಚಿ ನೋಡಿ, "ಕಂಪ್ಯೂಟರಲ್ಲಿ, ಮಿಸ್?" ಎಂದಳು. ಅವಳ ಮುಂದೆಯೇ ಡಬ್ಬಿ ತೆರೆದು ತೋರಿಸಿದೆ. ಫೋಲ್ಡರಿಲ್ಲ. ಬುಟ್ಟಿಯಲ್ಲೂ ಇಲ್ಲ. ಒಂದು ನಿಮಿಷ ಪರದೆಯನ್ನೇ ನೋಡಿದಳು. ಪತ್ರವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು.

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಸ್ಟಾಫ್ ರೂಮಿನಲ್ಲಿ ಆರೇಳು ಜನ ಶಿಕ್ಷಕರಿದ್ದರು. ವರಾಂಡದಲ್ಲಿ ಅವಳ ಜೊತೆಯ ಹುಡುಗಿಯರು ಸಾಲಾಗಿ ನಿಂತಿದ್ದರು.

"ಅಮ್ಮ ಕೆಲಸ ಮುಗಿಸ್ಕೊಂಡು ಬಂದಿದಾರೆ ಮಿಸ್, ಗೇಟಿನ ಹತ್ರ ನಿಂತಿದಾರೆ. ಒಳಗೆ ಕರೀಲಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

ನಾನು ಕುರ್ಚಿ ಸರಿಸಿ ಎದ್ದು ನಿಂತೆ.